ಮುಳುಗುವವನಿಗೆ ಹೊಡೆದ ಏಟು

ನಾನು ಒಬ್ಬ ಮನುಷ್ಯನಿಗೆ ದೋಣಿ ನಡೆಸುವ ಪ್ಯಾಡಲ್ಲಿನಿಂದ ಹೊಡೆದಿದ್ದೇನೆ. ಮೊದಲ ಏಟು ಕೈಗೆ ಬಿತ್ತು, ಎರಡನೆಯದು ಬಾಯಿಗೆ. ಮುಂದಿನ ಎರಡು ಹಲ್ಲು ಹೋದವು. ನಮ್ಮೂರು ಮೇಲವಂಕಿಯಲ್ಲಿ ಕೆಲವರು ಇದನ್ನು ನಾನು ಅವನನ್ನು ಉಳಿಸಿದ ಕತೆಯಾಗಿ ಹೇಳುತ್ತಾರೆ, ಕೆಲವರು ಕೊಲ್ಲಲು ಹೋದ ಕತೆಯಾಗಿ. ನೀರಿನಲ್ಲಿ ನಾವಿಬ್ಬರೇ ಇದ್ದೆವು, ಅವನಿಗೆ ಅರ್ಧಕ್ಕರ್ಧ ನೆನಪಿಲ್ಲ. ಹಾಗಾಗಿ ನಾನೇ ಬರೆದಿಡಬೇಕು.

ನಾನು ಕೊಂಕಣದ ಕಡಲ ದಂಡೆಯಲ್ಲಿ ಎಂಟು ವರ್ಷ ಇದ್ದವಳು. ಪ್ರವಾಸಿಗರಿಗೆ ಕಯಾಕ್ ಎಂಬ ಕಿರುದೋಣಿ ನಡೆಸಲು ಕಲಿಸುವ ಕೆಲಸ. ನನಗೆ ಕಲಿಸಿದಾಕೆ ಮೀನುಗಾರರ ಮನೆಯ ಹೆಂಗಸು, ಕರುಣೆ ತೋರಿ ಕಲಿಸಿದವಳಲ್ಲ. ದೋಣಿಯನ್ನು ಮಗುಚಿ, ನಾನು ನೀರೊಳಗೆ ತಲೆಕೆಳಗಾಗಿ ನೇತಾಡುತ್ತಿರುವಾಗ ತಳದ ಮೇಲೆ ಎರಡೂ ಕೈ ಊರಿ ಒತ್ತಿ ಹಿಡಿಯುತ್ತಿದ್ದಳು. ಮೂಗಿನಲ್ಲಿ ಉಪ್ಪುನೀರು ಸೂಜಿ ಚುಚ್ಚಿದ ಹಾಗೆ ಏರುತ್ತಿತ್ತು. ಮೇಲೆ ಬಂದು ಕೆಮ್ಮುತ್ತ ಬೈದರೆ, ಮತ್ತೊಮ್ಮೆ ಮಗುಚುತ್ತಿದ್ದಳು. ಮುಳುಗುತ್ತಿರುವವನನ್ನು ಎತ್ತಲು ಕಲಿಸಿದ ದಿನ ಅವಳೇ ಮುಳುಗುವವಳಂತೆ ನಟಿಸಿ ನನ್ನ ಹೆರಳು ಹಿಡಿದು ಆಳಕ್ಕೆಳೆದಳು. ದಡಕ್ಕೆ ಬಂದ ಮೇಲೆ ಮರಾಠಿಯಲ್ಲಿ ಹೇಳಿದಳು: ಅವನು ನಿನ್ನ ಮೈಯನ್ನೇ ಏಣಿ ಮಾಡಿಕೊಂಡು ಮೇಲೆ ಹತ್ತುತ್ತಾನೆ, ಅವನಿಗೂ ನಿನಗೂ ನಡುವೆ ಏನಾದರೂ ಇಡು, ಇಡಲು ಆಗದಿದ್ದರೆ ಹೊಡೆದು ಬಿಡಿಸಿಕೊ.

ಆ ಕಲಿಸುವ ಕೇಂದ್ರ ಮುಚ್ಚಿದಾಗ ನಾನು ಊರಿಗೆ ಬಂದೆ. ಬರುವಾಗ ಯಾರಿಗೂ ಬೇಡವಾಗಿದ್ದ ಒಂದು ಹಳೆಯ ಕಡಲ ಕಯಾಕನ್ನು ಜೊತೆಗೆ ತಂದೆ. ಹದಿನೇಳು ಅಡಿ ಉದ್ದ, ಸೊಂಟದಷ್ಟೇ ಅಗಲ, ಫೈಬರಿನದು. ತರಕಾರಿ ಇಳಿಸಿ ಖಾಲಿ ಬರುತ್ತಿದ್ದ ಟೆಂಪೊ ಮೇಲೆ ಕಟ್ಟಿಕೊಂಡು ಘಟ್ಟ ಹತ್ತಿ ಸಂಕೇಶ್ವರಕ್ಕೆ ಬಂದಾಗ, ಚಹಾದಂಗಡಿಯ ಮುಂದೆ ಜನ ಸೇರಿ, "ಏನ್ರಿ ಇದು, ರಾಕೆಟ್ಟೇನು?" ಎಂದು ಕೇಳಿದರು. ಗೋಕಾಕದ ಒಂದು ಶಾಲೆಯಲ್ಲಿ ನನಗೆ ಆಟದ ಟೀಚರ್ ಕೆಲಸ ಸಿಕ್ಕಿತು. ಕಯಾಕ್ ಮಾತ್ರ ಮೂಡಲಗಿಯಲ್ಲಿ, ನನ್ನ ಕಾಕಾನ ಅಂಗಡಿಯ ಹಿಂದೆ ಬಿತ್ತು.

ಕಾಕಾ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವವರು. ನೀರು ಎಲ್ಲಿ ಸೋರುತ್ತದೆ ಎಂದು ಹುಡುಕುವುದರಲ್ಲೇ ಜೀವಮಾನ ಕಳೆದವರು. ಕಡಲ ಕಯಾಕಿನ ಹೊಟ್ಟೆಯಲ್ಲಿ ಎರಡು ಅಡ್ಡಗೋಡೆಗಳಿರುತ್ತವೆ. ಮುಂದೆ ಒಂದು, ಹಿಂದೆ ಒಂದು ಗಾಳಿ ತುಂಬಿದ ಕೋಣೆ. ದೋಣಿ ಮಗುಚಿದರೂ ಮುಳುಗದಿರುವುದು ಅವುಗಳಿಂದಲೇ. ನನ್ನ ದೋಣಿಯ ಮುಂದಿನ ಗೋಡೆ ಅಂಚಿನಲ್ಲಿ ಬಿಟ್ಟಿತ್ತು. ಕಾಕಾ ಆ ಕೋಣೆಗೆ ನಾಲ್ಕು ಕೊಡ ನೀರು ಸುರಿದು, ಬ್ಯಾಟರಿ ಹಿಡಿದು ಒಂದೊಂದೇ ಹನಿ ಹುಡುಕಿ, ಒಣಗಿಸಿ, ಅಂಟು ತುಂಬಿದರು. ಪಾದ ಊರುವ ಕಟ್ಟೆಗಳನ್ನು ಹೊಸದಾಗಿ ಕೂಡಿಸಿದರು. ಸೊಂಟದ ಎರಡೂ ಬದಿಗೆ ಒತ್ತು ಕೊಡಲು ಟ್ರ್ಯಾಕ್ಟರ್ ಸೀಟಿನ ಸ್ಪಂಜು ಕತ್ತರಿಸಿ ತಂದಾಗ ನಾನು ಸಿಟ್ಟಾದೆ.

"ಅದು ನೀರ ಕುಡೀತೈತಿ ಕಾಕಾ. ಕಲ್ಲ ಕಟಗೊಂಡಂಗ ಆಗತೈತಿ."

"ಮತ್ತೇನ ಹಾಕಲಿ? ಹತ್ತಿ ತುಂಬಲೇನು?" ಎಂದು ಅವರೂ ರೇಗಿದರು. ಕೊನೆಗೆ ಹೊಸ ಮೋಟರುಗಳ ಪೆಟ್ಟಿಗೆಯಲ್ಲಿ ಬರುವ ಗಟ್ಟಿ ಫೋಮನ್ನು ಪದರ ಪದರವಾಗಿ ಅಂಟಿಸಿದರು. ಅದು ನೀರು ಹಿಡಿಯುವುದಿಲ್ಲ. ನಾನು ಒಳಗೆ ಕೂತು ಸೊಂಟ ಹೊರಳಿಸಿದರೆ ಇಡೀ ದೋಣಿ ಹೊರಳಬೇಕು, ಅಷ್ಟು ಬಿಗಿ.

ಅವರಿಗೆ ಭಯ ಹುಟ್ಟಿಸಿದ್ದು ಸ್ಕರ್ಟ್. ಸೊಂಟಕ್ಕೆ ಹಾಕಿಕೊಂಡು ದೋಣಿಯ ಬಾಯಿಯ ಸುತ್ತ ಹಿಗ್ಗಿಸಿ ಸಿಕ್ಕಿಸುವ ರಬ್ಬರಿನ ಬಟ್ಟೆ ಅದು. ಅಲೆ ಒಳಗೆ ಬರುವುದಿಲ್ಲ, ಆದರೆ ಮಗುಚಿದಾಗ ಮುಂದಿನ ಪಟ್ಟಿ ಎಳೆಯದೆ ನೀವೂ ಹೊರಗೆ ಬರುವುದಿಲ್ಲ. ಪಟ್ಟಿ ಒಳಗೆ ಸಿಕ್ಕಿಕೊಂಡರೆ ಅಲ್ಲಿಗೆ ಮುಗಿಯಿತು. ಕಾಕಾ ಆ ಪಟ್ಟಿಗೆ ಒಂದು ಕೆಂಪು ಚೆಂಡು ಹೊಲಿದು ಕೊಟ್ಟರು. ಕತ್ತಲಲ್ಲೂ ಕೈಗೆ ಸಿಗಲಿ ಎಂದು. ಲೈಫ್ ಜಾಕೆಟ್ಟಿಗೆ ಸೀಟಿ, ಎದೆಯ ಮೇಲೆ ಮೊಂಡು ತುದಿಯ ಚಾಕು, ನೀರೆತ್ತುವ ಕೈಪಂಪು, ಪ್ಯಾಡಲ್ ಕಳೆದುಹೋಗದಂತೆ ದೋಣಿಗೆ ಕಟ್ಟುವ ಹುರಿ, ಹಿಂದಿನ ಕೋಣೆಯಲ್ಲಿ ಇನ್ನೊಂದು ಲೈಫ್ ಜಾಕೆಟ್. ಇಷ್ಟಿಲ್ಲದೆ ನಾನು ನೀರಿಗೆ ಇಳಿಯುತ್ತಿರಲಿಲ್ಲ.

ಜೂನಿನಲ್ಲಿ ಹುಕ್ಕೇರಿ ಕಡೆಯ ಹಿಡಕಲ್ ಅಣೆಕಟ್ಟಿನ ಹಿನ್ನೀರಿನಲ್ಲಿ ಅದನ್ನು ಪರೀಕ್ಷೆಗಿಳಿಸಿದೆವು. ಪಶ್ಚಿಮದ ಗಾಳಿ ಮೈಲುಗಟ್ಟಲೆ ಬಯಲು ನೀರಿನ ಮೇಲೆ ಓಡಿ ಬಂದು ಹೊಡೆಯುತ್ತಿತ್ತು. ಸಮುದ್ರದ ಅಲೆ ಉದ್ದವಾಗಿ ಬರುತ್ತದೆ, ಉಸಿರಾಡಲು ಸಮಯ ಕೊಡುತ್ತದೆ. ಇಲ್ಲಿನದು ಕುಳ್ಳ, ಚೂಪು, ಒಂದರ ಬೆನ್ನಿಗೆ ಇನ್ನೊಂದು. ಬದಿಯಿಂದ ಬಂದ ಒಂದಕ್ಕೆ ನಾನು ಪ್ಯಾಡಲನ್ನು ನೀರಿನ ಮೇಲೆ ಚಪ್ಪಟೆ ಬಡಿದು ಆತುಕೊಂಡೆ. ಮುಂದಿನದು ಪ್ಯಾಡಲನ್ನೇ ಕಿತ್ತು ನನ್ನ ಹುಬ್ಬಿಗೆ ಬಡಿಯಿತು. ಮಗುಚಿದೆ. ಕೆಂಪು ಚೆಂಡು ಎಳೆದು ಹೊರಬಂದು, ನೀರಿನಿಂದಲೇ ದೋಣಿಯನ್ನು ತಿರುವಿ ಹತ್ತುವಷ್ಟರಲ್ಲಿ ರಕ್ತ ಕಣ್ಣಿಗಿಳಿದು ಅರ್ಧ ಜಗತ್ತು ಕೆಂಪಾಗಿತ್ತು. ದಡದಲ್ಲಿ ಕಾಕಾ ಹಗ್ಗ ಹಿಡಿದು ನನಗೂ ದೋಣಿಗೂ ಗಾಳಿಗೂ ಸೇರಿಸಿ ಬೈಯುತ್ತಿದ್ದರು. ಹುಬ್ಬಿಗೆ ಮೂರು ಹೊಲಿಗೆ ಬಿದ್ದವು. ಅಡ್ಡಗೋಡೆ ಮಾತ್ರ ಒಂದು ಹನಿಯೂ ಸೋರಿರಲಿಲ್ಲ.

ಆಗಸ್ಟಿನಲ್ಲಿ ನೀರು ಬಂತು. ಸಂಕೇಶ್ವರದಲ್ಲಿ ಹಿರಣ್ಯಕೇಶಿ ದಂಡೆ ದಾಟಿತು, ಮೇಲಿನಿಂದ ಅಣೆಕಟ್ಟಿನ ಗೇಟುಗಳನ್ನು ಎತ್ತಿದರು, ಎರಡೂ ಸೇರಿ ಘಟಪ್ರಭೆ ಮೇಲವಂಕಿಯ ಕಬ್ಬಿನ ಹೊಲಗಳಿಗೆ ನುಗ್ಗಿತು. ಶಾಲೆಗೆ ರಜೆ ಕೊಟ್ಟಿದ್ದರು. ಮನೆಯ ಸಾಮಾನು ಮಾಳಿಗೆಗೆ ಏರಿಸಲು ನಾನೂ ಊರಿಗೆ ಬಂದಿದ್ದೆ, ಕಾಕಾ ಟೆಂಪೊದಲ್ಲಿ ಕಯಾಕನ್ನೂ ತಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಕುರುಬರ ಓಣಿಯ ಒಬ್ಬಾತ ಓಡಿ ಬಂದ. ನನಗಿಂತ ಸಣ್ಣವನು, ಮೊಣಕಾಲಿನವರೆಗೂ ಕೆಸರು.

"ಅಕ್ಕಾರ, ನಮ್ಮಣ್ಣ ಪಂಪ್‌ಹೌಸಿನ ಮ್ಯಾಲ ಕುಂತಾನ್ರಿ. ಕುರಿ ಬಿಡಿಸಾಕ ಹೋಗಿದ್ದ. ಸುತ್ತ ನೀರ ಬಂದೈತಿ. ನಿಮ್ಮ ದೋಣಿ ತಗೀರಿ."

ರಕ್ಷಣಾ ಬೋಟು ಬೇರೆ ಊರಿಗೆ ಹೋಗಿತ್ತು, ಬರಲು ಎರಡು ತಾಸು ಎಂದಿದ್ದರು. ನಾನು ಮೊದಲು ಆಗುವುದಿಲ್ಲ ಎಂದೆ. ಖರೆಯೇ ಹೇಳಿದೆ. ಅದು ಒಬ್ಬರು ಕೂರುವ ದೋಣಿ. ಕಡಲಿನಲ್ಲಿ ನೇರ ಓಡಲು ಮಾಡಿದ್ದು, ಸರಕ್ಕನೆ ತಿರುಗುವುದಿಲ್ಲ. ಹೊಳೆಯೊಳಗಿನ ಬೇಲಿ, ತಂತಿ, ಗಿಡಗಳ ನಡುವೆ ಅದನ್ನು ಇಳಿಸುವುದು ಹುಚ್ಚು. ಹೇಳುತ್ತಿರುವಾಗಲೇ ದೂರದಲ್ಲಿ ಪಂಪ್‌ಹೌಸಿನ ಒಂದು ಮೂಲೆ ಕುಸಿದು ಬಿತ್ತು. ಸದ್ದು ಆಮೇಲೆ ಕೇಳಿಸಿತು. ಕಾಕಾ ಲೈನ್‌ಮನ್ನಿಗೆ ಫೋನ್ ಮಾಡಿ ಕರೆಂಟ್ ಇಲ್ಲವೆಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ನಾನು ಸ್ಕರ್ಟ್ ಕಟ್ಟಿಕೊಂಡೆ.

ಪಂಪ್‌ಹೌಸಿಗಿಂತ ಬಹಳ ಮೇಲೆ, ರಸ್ತೆ ಮುಳುಗಿದ ಕಡೆಯಿಂದ ಇಳಿದೆ. ಮೂತಿಯನ್ನು ನೀರು ಬರುವ ದಿಕ್ಕಿಗೆ ಓರೆಯಾಗಿ ಹಿಡಿದು, ಕೊಚ್ಚಿಹೋಗುತ್ತಲೇ ಅಡ್ಡ ದಾಟಬೇಕು. ಕಬ್ಬಿನ ಸುಳಿಗಳು ತಳವನ್ನು ಕೆರೆಯುತ್ತಿದ್ದವು. ಒಂದು ಪ್ಲಾಸ್ಟಿಕ್ ಡ್ರಮ್ ಬಂದು ಬದಿಗೆ ಗುದ್ದಿತು. ಹೊಟ್ಟೆ ಉಬ್ಬಿದ ಸತ್ತ ಎಮ್ಮೆಯೊಂದು ಮೂತಿಯ ಮೇಲೆ ಹೊರಳಿ, ಕಾಲು ನನ್ನ ಎದೆಗೆ ತಾಗಿ, ಹಿಂದೆ ಸರಿದುಹೋಯಿತು. ನಾನು ಬಾಯಿ ತೆರೆಯಲಿಲ್ಲ, ತೆರೆದಿದ್ದರೆ ಆ ನೀರು ಒಳಗೆ ಹೋಗುತ್ತಿತ್ತು.

ಪಂಪ್‌ಹೌಸಿನ ಮರೆಯಲ್ಲಿ ನೀರು ಸ್ವಲ್ಪ ಶಾಂತವಾಗಿತ್ತು, ಅಲ್ಲಿ ನಿಲ್ಲಿಸಿದೆ. ಮೇಲೆ ನಲವತ್ತರ ಆಸುಪಾಸಿನ ಗಟ್ಟಿ ಆಳು. ಹೆಗಲ ಮೇಲೆ ತೊಯ್ದ ಕಂಬಳಿ, ಒಂದು ಕೈಯಲ್ಲಿ ಟಗರಿನ ಕೋಡು. ಉಳಿದ ಕುರಿಗಳು ಕೆಳಗಿನ ದಿಬ್ಬದ ಮೇಲೆ ಒತ್ತಾಗಿ ನಿಂತು ಅರಚುತ್ತಿದ್ದವು, ಅಂಚಿನವು ಒಂದೊಂದಾಗಿ ಜಾರುತ್ತಿದ್ದವು. ನಾನು ಜಾಕೆಟ್ ಎಸೆದೆ.

"ಅಣ್ಣಾ, ಅದನ್ನ ಹಾಕ್ಕೊಳ್ರಿ. ಬಕಲ್ ಹಾಕ್ರಿ. ಕಂಬಳಿ ಬಿಡ್ರಿ, ಟಗರ ಬಿಡ್ರಿ."

"ಟಗರ ಬಿಡಂಗಿಲ್ಲ!"

"ಕುರಿ ಕಡೆ ನೋಡಬ್ಯಾಡ್ರಿ! ನನ್ನ ಕಡೆ ನೋಡ್ರಿ. ಸಾವಕಾಶ ಜಾರಿ ನನ್ನ ಹಿಂದ ದೋಣಿ ಮ್ಯಾಲ ಬೋರಲ ಮಕ್ಕೊಳ್ರಿ. ಜಿಗೀಬ್ಯಾಡ್ರಿ."

ಕೊನೆಗೆ ಕೋಡು ಬಿಟ್ಟು ಆತ ಜಾಕೆಟ್ಟಿನಲ್ಲಿ ತೋಳು ತೂರಿಸಿದ, ಒಂದೇ ಬಕಲ್ ಹಾಕಿದ. ಅಷ್ಟರಲ್ಲಿ ಅವನ ಕಾಲ ಕೆಳಗಿನ ಸಿಮೆಂಟ್ ಶೀಟು ಲಟಕ್ಕನೆ ಮುರಿಯಿತು. ಅವನು ಜಿಗಿದ. ನನ್ನ ಬೆನ್ನ ಮೇಲೇ ಬಿದ್ದ.

ದೋಣಿ ಮಗುಚಿತು. ನೀರೊಳಗೆ ಕಂದು ಕತ್ತಲೆ. ನಾನು ಚೆಂಡು ಎಳೆದು ಹೊರಬಂದೆ, ಆದರೆ ಮೇಲೆ ಬರಲಿಲ್ಲ. ಅವನ ತೋಳು ನನ್ನ ಕುತ್ತಿಗೆಯನ್ನು ಸುತ್ತಿತ್ತು, ಮೊಣಕಾಲು ನನ್ನ ಹೊಟ್ಟೆಯ ಮೇಲಿತ್ತು. ಅವನು ನನ್ನ ಮೇಲೆ ಹತ್ತುತ್ತಿದ್ದ. ಒಮ್ಮೆ ಮೇಲೆ ಬಂದು ಅರ್ಧ ಉಸಿರು ಎಳೆದೆ. "ಬಿಡ್ರಿ!" ಎಂದೆ. ಅವನ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ. ಮತ್ತೆ ಕೆಳಗೆ ಒತ್ತಿದ. ಉಗುರು ಗಂಟಲಿನ ಬದಿಗೆ ಇಳಿದವು. ಎರಡನೆಯ ಸಲ ಮೇಲೆ ಬಂದಾಗ ಪ್ಯಾಡಲ್ ಹುರಿಯಲ್ಲಿ ನನ್ನ ಕೈಗೇ ಬಂದಿತ್ತು. ಅದರ ದಂಡಿನಿಂದ ಅವನ ಮುಂಗೈಗೆ ಹೊಡೆದೆ. ಬಿಡಲಿಲ್ಲ. ಅಲಗನ್ನು ತಿರುವಿ ಬಾಯಿಗೆ ಹೊಡೆದೆ. ಬಲ ಪೂರ್ತಿ ಹಾಕಿಯೇ ಹೊಡೆದೆ. ಅದನ್ನು ಮುಚ್ಚಿಡುವುದಿಲ್ಲ. ಅವನನ್ನು ಉಳಿಸಬೇಕೆಂದು ಆ ಕ್ಷಣ ನನಗೆ ಅನ್ನಿಸಿರಲಿಲ್ಲ. ಅವನು ನನ್ನ ಮೇಲಿಂದ ಹೋಗಬೇಕು ಅಷ್ಟೇ ಬೇಕಾಗಿತ್ತು.

ಕೈ ಸಡಿಲವಾಯಿತು. ಜಾಕೆಟ್ ಅವನ ಕಿವಿಯವರೆಗೂ ಏರಿ ತಲೆಯನ್ನು ನೀರಿನ ಮೇಲೆ ಹಿಡಿದಿತ್ತು. ನಾನು ಅವನ ಹಿಂದೆ ಹೋಗಿ, ಹೆಗಲ ಪಟ್ಟಿ ಹಿಡಿದು, ಇನ್ನೊಂದು ಕೈಯಲ್ಲಿ ಮಗುಚಿದ ದೋಣಿಯ ಹಗ್ಗ ಹಿಡಿದೆ. ಬೋರಲು ಬಿದ್ದ ದೋಣಿ ಕೊರಡಿನಂತೆ ತೇಲುತ್ತಿತ್ತು. ಹೊಳೆ ಮೂರನ್ನೂ ಎಳೆದುಕೊಂಡು ಹೋಗಿ ಒಂದು ಬಳ್ಳಾರಿ ಜಾಲಿಗೆ ಬಡಿಯಿತು. ಮುಳ್ಳು ನನ್ನ ತೋಳನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿತು. ಪ್ಯಾಡಲಿನ ಹುರಿ ಕೊಂಬೆಗೆ ಸುತ್ತಿಕೊಂಡು ದೋಣಿ ಅಲ್ಲೇ ನಿಂತಿತು, ನೀರು ನಮ್ಮನ್ನು ಗಿಡದೊಳಕ್ಕೆ ಒತ್ತತೊಡಗಿತು. ಎದೆಯ ಚಾಕು ತೆಗೆದು ಹುರಿ ಕೊಯ್ದೆ. ಪ್ಯಾಡಲ್ ಗಿಡದಲ್ಲೇ ಉಳಿಯಿತು. ನಾವು ಬಿಡಿಸಿಕೊಂಡು ಕಬ್ಬಿನ ಮೇಲೆ ಜಾರಿದೆವು. ಅವನು ಕೆಂಪು ಉಗುಳುತ್ತ, "ಅವ್ವಾ, ಅವ್ವಾ" ಎನ್ನುತ್ತಿದ್ದ. ನೀರು ತಿರುಗುವ ಒಂದು ಕಡೆ, ರಸ್ತೆಯ ಏರಿಯಲ್ಲಿ, ಕಾಕಾ ಎದೆಮಟ್ಟದ ನೀರಿಗಿಳಿದು ಹಗ್ಗ ಎಸೆದರು.

ದಡದಲ್ಲಿ ನಾನು ಕೈ ಮೊಣಕಾಲು ಊರಿ ಕೆಮ್ಮುತ್ತಿದ್ದಾಗ ಬೆನ್ನಿಗೆ ಬಡಿಗೆ ಬಿತ್ತು. ಹೊಡೆದವನು ನನ್ನನ್ನು ಕರೆಯಲು ಬಂದಿದ್ದ ಆ ತಮ್ಮ. ಅವನಿಗೆ ಅಷ್ಟು ದೂರದಿಂದ ಕಂಡದ್ದು ಒಂದೇ. ನಾನು ಪ್ಯಾಡಲ್ ಎತ್ತಿ ಅವನ ಅಣ್ಣನಿಗೆ ಬೀಸಿದ್ದು.

"ಹೊಡದಾಳ! ನಮ್ಮಣ್ಣಗ ಹೊಡದಾಳ! ನೀರಾಗ ಹಾಕಿ ಕೊಲ್ಲಾಕತ್ತಿದ್ಲು!"

ಎರಡನೆಯ ಏಟಿಗೆ ಕಾಕಾ ಅಡ್ಡ ಬಂದರು, ಅದು ಅವರ ಹೆಗಲಿಗೆ ಬಿತ್ತು, ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಜನ ಅವನನ್ನು ಹಿಡಿದುಕೊಂಡರು. ಆದರೆ ಬಿಡಿಸಿಕೊಂಡು ಹೋಗಿ, ಯಾರದೋ ಟ್ರ್ಯಾಕ್ಟರಿನಿಂದ ಕೊಡಲಿ ತೆಗೆದು ಕಯಾಕನ್ನು ಕಡಿದ. ಮೂರು, ನಾಲ್ಕು, ಐದು. ಫೈಬರ್ ಸಿಡಿದು ಹುಲ್ಲಿನ ಮೇಲೆ ಬಿತ್ತು. ಅವನ ಅಣ್ಣ ನೆಲದ ಮೇಲೆ ವಾಂತಿ ಮಾಡುತ್ತ ಕೈ ಎತ್ತಿ ಏನೋ ಹೇಳಲು ನೋಡುತ್ತಿದ್ದ, ತುಟಿ ಊದಿ ಮಾತು ಹೊರಡಲಿಲ್ಲ. ನಾನು ನೋಡುತ್ತ ಕೂತೆ.

ಗೋಕಾಕದ ಆಸ್ಪತ್ರೆಯಲ್ಲಿ ಮೂವರಿಗೂ ಒಂದೇ ದಿನ ಪಟ್ಟಿ ಕಟ್ಟಿದರು. ವಾರದ ಮೇಲೆ ಆ ಅಣ್ಣ ನಮ್ಮ ಮನೆಗೆ ಬಂದ. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ನನ್ನ ಕುತ್ತಿಗೆಯ ಗಾಯಗಳನ್ನು ನೋಡಿದ.

"ತಂಗಿ, ಇವು ನನ್ನ ಉಗರೇನು?"

"ಹೌದ್ರಿ."

"ನಾ ನಿನ್ನ ಮುಣಗಸಾಕತ್ತಿದ್ನ್ಯಾ?"

"ನಿಮಗ ಗೊತ್ತಿರಲಿಲ್ರಿ."

ಅವನು ತಲೆ ತಗ್ಗಿಸಿದ. ಆಮೇಲೆ, ಹಲ್ಲಿಲ್ಲದ ಸಂದಿಯಿಂದ ಗಾಳಿ ಹೊರಡುತ್ತ, ನಿಧಾನವಾಗಿ ಹೇಳಿದ: "ಹಲ್ಲ ಹೋತಂತ ಸಿಟ್ಟಿಲ್ಲವ್ವಾ. ಕುರಿ ಕಡೆ ನೋಡಬ್ಯಾಡ ಅಂದೆಲ್ಲ, ಅದಕ್ಕ ಸಿಟ್ಟೈತಿ. ಒಂದೂ ಉಳೀಲಿಲ್ಲ. ಕಡೀಕ ನೋಡಾಕೂ ಬಿಡಲಿಲ್ಲ ನೀ." ಅವ್ವ ಚಹಾ ತಂದಳು. ಅವನು ಕುಡಿಯದೆ ಎದ್ದುಹೋಗಲಿಲ್ಲ, ಅಷ್ಟೇ.

ಒಂದೇ ಕೈಯಲ್ಲಿ ಕೆಲಸ ಮಾಡುತ್ತ ಕಾಕಾ ಆ ಚಳಿಗಾಲವಿಡೀ ಕಯಾಕಿಗೆ ಫೈಬರ್ ಬಟ್ಟೆ ಹಚ್ಚಿದರು. ಮೊದಲಿಗಿಂತ ಭಾರವಾಯಿತು, ಎಡಕ್ಕೆ ಎಳೆಯುತ್ತದೆ, ಆದರೆ ಸೋರುವುದಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಊರಿನವರು ನೆರೆಯ ಸಮಯಕ್ಕೆ ನಾಲ್ಕು ಜನರಾದರೂ ತಯಾರಿರಲಿ ಎಂದು ಮುಳುಗುವವರನ್ನು ಎತ್ತುವುದನ್ನು ಕಲಿಸಲು ನನ್ನನ್ನು ಕೇಳಿದರು. ದೊಡ್ಡ ಬಾವಿಯಲ್ಲಿ ಶುರು ಮಾಡಿದೆ. ಮೊದಲ ದಿನ ಬಂದವರಲ್ಲಿ ಆ ತಮ್ಮನೂ ಇದ್ದ. ಅವನು ಕ್ಷಮೆ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮುಳುಗುವವನಿಂದ ಬಿಡಿಸಿಕೊಳ್ಳುವ ಪಾಠ ಬಂದಾಗ ನಾನೇ ಅವನ ಕುತ್ತಿಗೆಗೆ ಬಿದ್ದೆ. ಹೆಣ್ಣುಮಗಳೆಂದು ಅವನು ಕೈ ಮುಟ್ಟಿಸಲು ಹಿಂಜರಿದ. ನಾನು ಕೂದಲು ಹಿಡಿದು ಒಳಗೆ ಒತ್ತಿದೆ, ಮೇಲೆ ಬಂದವನನ್ನು ಮತ್ತೆ ಒತ್ತಿದೆ, ಉಗುರು ಊರಿದೆ. ಮೂರನೆಯ ಸಲ ಅವನ ಮುಖ ಬದಲಾಯಿತು. ಎರಡೂ ಕಾಲು ಮಡಚಿ ನನ್ನ ಎದೆಗೆ ಒದ್ದ. ನಾನು ಬಾವಿಯ ಕಲ್ಲಿಗೆ ಬಡಿದು ನಿಂತೆ.

ಅವನು ಮೆಟ್ಟಿಲು ಹಿಡಿದು ಏದುಸಿರು ಬಿಡುತ್ತ, ಗಾಬರಿಯಿಂದ, "ಹಿಂಗೇನ್ರಿ ಅಕ್ಕಾರ?" ಎಂದ.

"ಹಿಂಗ," ಎಂದೆ. "ಈಗ ಹಿಂದಿನಿಂದ ಬಂದ ಜಾಕೆಟ್ ಹಿಡೀರಿ."

ಅವನು ಬಂದು ಹಿಡಿದ. ನನ್ನ ಪಕ್ಕೆಲುಬು ಹದಿನೈದು ದಿನ ನೋಯಿತು.