ತಂಗಿಗೆ ಕೊಡದ ರಸ

ಎಂಬತ್ತರ ದಶಕದಲ್ಲಿ ದಾಂಡೇಲಿಯಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಮೇಡಂ ಜೋಯಿಡಾದ ಕಾಡಿನಿಂದ ಅಮೃತಬಳ್ಳಿ ತಂದು ರಸ ತೆಗೆಯುತ್ತಿದ್ದರು. ಕ್ಯಾನ್ಸರ್ ಔಷಧಿ ಚುಚ್ಚಿದ ಇಲಿಗಳ ವರ್ಣತಂತುಗಳು ಮುರಿಯುತ್ತವೆ. ಈ ರಸ ಅದನ್ನು ತಡೆಯುವುದೇ ಎಂದು ಪರೀಕ್ಷಿಸುತ್ತಿದ್ದರು. ಯಾರಾದರೂ ಹೊಗಳಿದರೆ ಸೆರಗಿನಿಂದ ಕನ್ನಡಕ ಒರೆಸುತ್ತಾ, “ತಡೀರಿ, ಇನ್ನೂ ಖಾತ್ರಿ ಆಗಿಲ್ಲ” ಎನ್ನುತ್ತಿದ್ದರು.

ಆಗಲೇ ಅವರ ತಂಗಿಗೆ ಕ್ಯಾನ್ಸರ್ ಬಂತು. ಅದೇ ಔಷಧಿ ಶುರುವಾಯಿತು. ನಾನು ಮೇಡಂ ಜೊತೆ ಹಳಿಯಾಳದ ಅವಳ ಮನೆಗೆ ನೋಡಲು ಹೋದಾಗ ಆಕೆ, “ಅಕ್ಕಾ, ಇಲಿಗೆ ಕೊಡೂ ರಸ ನನಗೂ ಒಂದೀಟು ಕೊಡ” ಎಂದು ಕೇಳಿದಳು.

“ಮನಷ್ಯಾರಿಗೆ ಏನ್ ಮಾಡ್ತೈತೋ ಗೊತ್ತಿಲ್ಲವ್ವಾ. ನಿನ್ನ ಮ್ಯಾಲೆ ಹೆಂಗ ಪ್ರಯೋಗ ಮಾಡ್ಲಿ?” ಎಂದ ಮೇಡಂ, ದಿಂಬಿನ ಮೇಲೆ ಉದುರಿದ್ದ ಕೂದಲನ್ನು ಆರಿಸತೊಡಗಿದರು.

ತಂಗಿ ಉಳಿಯಲಿಲ್ಲ. ಕೆಲವು ತಿಂಗಳ ಮೇಲೆ, ರಸ ಕುಡಿದ ಇಲಿಗಳಲ್ಲಿ ವರ್ಣತಂತುಗಳ ಮುರಿತ ಕಡಿಮೆಯಾಗಿದ್ದು ಕಂಡಿತು. ನಾವು ಸಂತೋಷದಿಂದ ಕೂಗಿದೆವು. ಮೇಡಂ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ.

“ಆಕಿ ಬಾಯಿಬಿಟ್ಟು ಕೇಳಿದ್ಲು,” ಎಂದರು.