ಅಖ್ತರ್ ಬೀ ಮುಟ್ಟದ ಕಡ್ಡಿ

ಗೋಪಾಳ ಬಡಾವಣೆಯ ಪಾರ್ಕಿನಲ್ಲಿ ಧ್ಯಾನಕ್ಕೆಂದು ಕಣ್ಣು ಮುಚ್ಚಿ ಕೂತಿದ್ದ ಹೆಂಗಸರು ಕಣ್ಣು ಬಿಟ್ಟಾಗ ಎದುರಿಗೆ ಬರೀ ನೆಲವಿತ್ತು. ಒಣಕಡ್ಡಿ, ತೇಗದೆಲೆ, ಬೀಜದ ಸಿಪ್ಪೆ ಆರಿಸಿ ತಂದು, ಬೆಳಗಿನಿಂದ ಮಾತಿಲ್ಲದೆ ಜೋಡಿಸಿದ್ದ ನವಿಲು ಮಾಯವಾಗಿತ್ತು. ಗೇಟಿನ ಹತ್ತಿರ ಅಖ್ತರ್ ಬೀ ಇಡೀ ನವಿಲನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು, ಮಗಳು ನಗ್ಮಾಗಾಗಿ ಕಾಯುತ್ತಿದ್ದರು. ಯಾರೋ ಪುಣ್ಯಾತ್ಮರು ಗುಡಿಸಿ ಒಂದು ಕಡೆ ಒಟ್ಟಿದ್ದಾರೆ ಅಂದುಕೊಂಡಿದ್ದರಂತೆ.

ಅವರ ತಪ್ಪೂ ಅಲ್ಲ. ಭದ್ರಾವತಿಯ ಹಳೇನಗರದಲ್ಲಿ ಲಾರಿ ಮೆಕ್ಯಾನಿಕ್ ಗಂಡನ ಗ್ರೀಸನ್ನೂ ಮಕ್ಕಳ ಮೈಮಣ್ಣನ್ನೂ ಹಂಡೆನೀರಿನಿಂದಲೇ ಇಳಿಸಿದ ಜೀವ ಅದು. ಹಂಡೆಯ ಉರಿಗಾಗುವ ಪುಳ್ಳೆ ಕಂಡರೆ ಮದುವೆ ಮೆರವಣಿಗೆಯ ನಡುವೆಯೂ ಬಗ್ಗುತ್ತಾರೆ. ಮಗಳ ಮನೆಯಲ್ಲಿ ಗೀಸರ್ ಇದೆ. ಆದರೂ ಆರಿಸುವುದು ಬಿಡುವುದಿಲ್ಲ; ಊರಿಗೆ ವಾಪಸ್ ಹೊರಟರೆ ಬಸ್ಸಿನಲ್ಲಿ ಒಂದು ಚೀಲ ಪುಳ್ಳೆ ಪಕ್ಕದಲ್ಲಿ ಕೂತಿರುತ್ತದೆ. ಕಂಡಕ್ಟರ್ ಲಗೇಜಿನ ಮಾತೆತ್ತಿದರೆ ಅವನ ತಾಯಿಯ ಮಂಡಿನೋವು ವಿಚಾರಿಸಿ ಮಾತು ಮರೆಸುತ್ತಾರೆ. ಪಾರ್ಕಿನವರಿಗೆ ಯಾವುದು ಕಲೆಯೋ ಅದು ಇವರಿಗೆ ಒಲೆ.

ಇಕ್ಕಟ್ಟಿಗೆ ಸಿಕ್ಕಿದ್ದು ಅದೇ ಗುಂಪಿನಲ್ಲಿದ್ದ ನಗ್ಮಾ. ಮನೆಯಲ್ಲಿ ಅವಳ ಮಾತನ್ನು ಕುಕ್ಕರ್ ಬಿಟ್ಟರೆ ಯಾರೂ ಕೇಳುವುದಿಲ್ಲ. ಇನ್ನು ಮುಂದೆ ಗುಂಪನ್ನು ಅವಳೇ ನಡೆಸಲಿ ಎಂದು, ಇದನ್ನೆಲ್ಲ ಶುರುಮಾಡಿದ ನಿವೃತ್ತ ಬ್ಯಾಂಕ್ ಅಧಿಕಾರಿ ಪುಷ್ಪಾ ಹೇಳಿ ವಾರವಾಗಿರಲಿಲ್ಲ. ಈಗ ಪುಷ್ಪಾ ಒಂದು ಷರತ್ತು ಹಾಕಿದರು: ತಾಯಿಯೂ ಒಂದು ಭಾನುವಾರ ಎಲ್ಲರ ಜೊತೆ ಕೂತು ಸಮಾಧಾನ ಕಲಿಯಲಿ, ಆಮೇಲೆ ಆ ಮಾತು.

ಭಾನುವಾರ ಬಂತು. ಉಳಿದವರು ಕಡ್ಡಿ, ಎಲೆ ಹುಡುಕುತ್ತ ಓಡಾಡುತ್ತಿದ್ದರೆ ಅಖ್ತರ್ ಬೀ ಮರದ ಕೆಳಗೆ ಎರಡೂ ಕೈ ಮಡಿಲಲ್ಲಿ ಬಿಗಿಹಿಡಿದು ಕೂತರು. ಅಷ್ಟರಲ್ಲಿ ಮೇಲಿಂದ ಗರಿಗರಿ ಒಣಗಿದ ಕೊಂಬೆಯೊಂದು ಅವರ ಕಾಲಬುಡಕ್ಕೇ ಬಿತ್ತು. ಒಮ್ಮೆ ನೋಡಿದರು. ಕಣ್ಣು ಮುಚ್ಚಿಬಿಟ್ಟರು.

ಪುಷ್ಪಾ ಅದನ್ನು ಕಂಡು, ಕೈಯಲ್ಲಿದ್ದ ಎಲೆಗಳನ್ನು ಕೆಳಗಿಟ್ಟು, ಪಕ್ಕದಲ್ಲೇ ಹಾಗೆಯೇ ಕೂತರು. ಅವರನ್ನು ನೋಡಿ ಇನ್ನೊಬ್ಬರು, ಮತ್ತೊಬ್ಬರು. ಕಡ್ಡಿ, ಎಲೆ ಆರಿಸಿ ತಂದ ಬುಟ್ಟಿ ತುಂಬಿದ್ದು ತುಂಬಿದ ಹಾಗೇ ಇತ್ತು. ನವಿಲಿರಲಿ, ಒಂದು ಗುಬ್ಬಿಯೂ ಏಳಲಿಲ್ಲ. ವಾಕಿಂಗ್ ಬಂದವರೊಬ್ಬರು ಯಾರು ಹೋಗಿಬಿಟ್ಟರೆಂದು ಮೆಲ್ಲಗೆ ವಿಚಾರಿಸಿ ಹೋದರು. ಕೊನೆಗೆ ನಗ್ಮಾ ಕೂಡ ಕೂತಳು, ಆದರೆ ಒಂದು ಕಣ್ಣು ಅಮ್ಮಿಯ ಮೇಲೇ ಇಟ್ಟು.

ಹೊತ್ತಾದ ಮೇಲೆ ಪುಷ್ಪಾ ಕಣ್ಣೊರೆಸಿಕೊಂಡರು. ಇಷ್ಟು ದಿನ ನಾನು ಬಾಯಲ್ಲಿ ಹೇಳುತ್ತಿದ್ದ ಸಮಾಧಾನವನ್ನು ಇವತ್ತು ಕಣ್ಣಾರೆ ಕಂಡೆ ಎಂದರು. ಮುಂದಿನ ವಾರದಿಂದ ನಗ್ಮಾಳೇ ನಡೆಸಲಿ ಎಂದರು. ಆಮೇಲೆ ಅಖ್ತರ್ ಬೀ ಕಡೆ ತಿರುಗಿ, "ಅಮ್ಮಾ, ತಾನಾಗಿ ಬಂದು ಕಾಲಿಗೆ ಬಿದ್ದಿದ್ದನ್ನೂ ಬೇಡ ಅನ್ನೋ ಮನಸ್ಸು ನಿಮಗೆ ಎಲ್ಲಿಂದ ಬಂತು?" ಎಂದು ಕೇಳಿದರು.

"ಮನಸ್ಸೆಲ್ಲಿ ಬಂತು ಮಾರಾಯ್ತಿ," ಎಂದರು ಅಖ್ತರ್ ಬೀ, "ಒಂದು ಕಡ್ಡಿ ಮುಟ್ಟಿದ್ರೂ ನನ್ನ ಟೀವಿಗೆ ರೀಚಾರ್ಜ್ ಮಾಡ್ಸಲ್ಲ ಅಂದಿದಾಳೆ ಇವಳು."