ಕತ್ತೆಗಳು ಹೋಗುತ್ತಿದ್ದ ದಾರಿ

ಖರ್ಜೂರದ ಆ ಎರಡು ಬೊಡ್ಡೆಗಳನ್ನು ನಾನು ಮೊದಲು ನೋಡಿದ್ದು ಡ್ರೋನ್ ತೆಗೆದ ಚಿತ್ರದಲ್ಲಿ. ದುಬೈನ ಒಂದು ಕಚೇರಿಯಲ್ಲಿ ಸರ್ವೆ ಮಾಡಿ ನಕ್ಷೆ ಬರೆಯುವುದು ನನ್ನ ಕೆಲಸ. ನಗರದಿಂದ ಒಂದೂವರೆ ಗಂಟೆ ದೂರದಲ್ಲಿ, ಬೆಟ್ಟಗಳ ನಡುವಿನ ಒಂದು ಹಳ್ಳಿಯಲ್ಲಿ ಸಾರ್ವಜನಿಕರಿಗೆಂದು ಕಾಲುದಾರಿ ಗುರುತಿಸುವ ಕೆಲಸ ಸ್ಥಳೀಯ ಆಡಳಿತದಿಂದ ನಮಗೆ ಬಂದಿತ್ತು. ಚಳಿಗಾಲದ ರಜೆಯ ದಿನಗಳಲ್ಲಿ ಅಲ್ಲಿಗೆ ನಡೆಯಲು ಬರುವವರು ಹೆಚ್ಚಾಗಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ದಾರಿ ಸಲೀಸಾಗಿ ಸಾಗಿ ಬಂದು, ಒಂದು ತೋಟದ ಪಕ್ಕ ಎರಡು ಕಪ್ಪು ಗೆರೆಗಳಿಗೆ ತಾಗಿ ನಿಂತಿತ್ತು. ತೋಟದ ಯಜಮಾನರು ಬೊಡ್ಡೆಗಳನ್ನು ಅಡ್ಡ ಮಲಗಿಸಿ ದಾರಿ ಮುಚ್ಚಿದ್ದರು.

"ಹೋಗಿ ಅಳೆದು ಬನ್ನಿ, ಅಷ್ಟೇ. ಅವರ ಜಗಳದಲ್ಲಿ ಬಾಯಿ ಹಾಕಬೇಡಿ" ಎಂದರು ನಮ್ಮ ಮ್ಯಾನೇಜರ್.

ನಾನು ಮಂಡ್ಯ ಕಡೆಯವಳು. ಗದ್ದೆಯ ಬದುವಿನ ವಿಷಯಕ್ಕೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟದ್ದನ್ನು ನೋಡಿಕೊಂಡೇ ಬೆಳೆದವಳು. ಬಾಯಿ ಹಾಕುವ ಆಸೆ ನನಗೂ ಇರಲಿಲ್ಲ.

ತೋಟದ ಗೇಟಿನ ಹತ್ತಿರ ಕಾರು ನಿಲ್ಲಿಸಿ ಗಂಡನಿಗೆ ಫೋನು ಮಾಡಿ, "ಬಂದು ಸೇರಿದೆ ಕಣ್ರೀ" ಎಂದೆ. ಅಲ್ಲೇ ಪೈಪು ಸುತ್ತುತ್ತಿದ್ದ, ಐವತ್ತು ದಾಟಿದ ಒಬ್ಬರು ತಲೆ ಎತ್ತಿದರು.

"ಓ, ಕನ್ನಡವಾ ಮೇಡಂ? ನಾನು ಬಂಟ್ವಾಳದವ. ಈ ತೋಟಕ್ಕೆ ಬಂದು ಹತ್ತೊಂಬತ್ತು ವರ್ಷ ಆಯ್ತು. ಅರ್ಬಾಬ್ ಒಳಗೆ ಇದ್ದಾರೆ. ಸ್ವಲ್ಪ ಬಿಸಿ ಉಂಟು. ನೀವು ಹೋದ ಕೂಡ್ಲೆ ಮ್ಯಾಪ್ ತೆಗಿಬೇಡಿ. ಮೊದಲು ಕಾವಾ ಕುಡೀರಿ."

ಅರ್ಬಾಬ್ ಎಂದರೆ ಯಜಮಾನರು. ಎಪ್ಪತ್ತು ದಾಟಿದ, ತೆಳ್ಳಗೆ ನೆಟ್ಟಗಿದ್ದ ಮನುಷ್ಯ. ಹಳೆಯ ಸಿನಿಮಾಗಳಿಂದ ಕಲಿತ ಹಿಂದಿಯಲ್ಲಿ ನನ್ನೊಂದಿಗೆ ಮಾತಾಡಿದರು. ಕಾವಾ, ಅಂದರೆ ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ಕೊಟ್ಟು, ಖರ್ಜೂರ ತಿನ್ನಿಸಿ, ಆಮೇಲೆ ಫಲಜ್ ತೋರಿಸಲು ಕರೆದೊಯ್ದರು. ಬೆಟ್ಟದ ಒರತೆಯಿಂದ ತೋಟಗಳಿಗೆ ನೀರು ತರುವ, ಗೇಣು ಆಳದ ಕಲ್ಲಿನ ಕಾಲುವೆ ಅದು. ಕಾಲುವೆಗೂ ಅವರ ತೋಟದ ಗೋಡೆಗೂ ನಡುವೆ ಮೂರಡಿ ಅಗಲದ ಜಾಗ. ಊರವರೆಲ್ಲ ಹಿಂದಿನಿಂದ ನಡೆದಾಡಿದ್ದರಿಂದ ಅದು ಸಾರ್ವಜನಿಕ ದಾರಿ ಎನ್ನುವುದು ಆಡಳಿತದ ವಾದ.

"ನಡೆದಾಡಿದ್ದು ನಿಜ. ಯಾರು ನಡೆದರು?" ಎಂದು ಅವರು ನನ್ನನ್ನೇ ಕೇಳಿದರು. "ನೀರಿನ ಸರದಿ ಇದ್ದವರು. ನನ್ನ ತಂದೆ, ಅಕ್ಕಪಕ್ಕದ ತೋಟದವರು. ಈಗ ಬರುವವರು ಕಾಲುವೆಯಲ್ಲಿ ಬೂಟು ತೊಳೆಯುತ್ತಾರೆ. ನನ್ನ ಹೆಂಡತಿ ಮರದ ಕೆಳಗೆ ಕೂತಿದ್ದರೆ ಗೋಡೆ ಮೇಲಿಂದ ಫೋಟೋ ತೆಗೆಯುತ್ತಾರೆ. ಖಲಾಸ್! ದಾರಿ ಇಲ್ಲ."

ನಾನು ಟ್ರೈಪಾಡ್ ಇಟ್ಟು ಅಳೆದೆ. ಅವರ ಹಳೆಯ ಕಾಗದದಲ್ಲಿ ಗಡಿ 'ನೀರಿನವರೆಗೆ' ಎಂದಿತ್ತು. ಆಡಳಿತದ ನಕ್ಷೆಯಲ್ಲಿ ಗೋಡೆಯವರೆಗೆ. ಇಬ್ಬರ ಮಾತಿಗೂ ಆಧಾರವಿತ್ತು.

ಹೊರಡುವಾಗ ಬಂಟ್ವಾಳದವರು ಕಾರಿನವರೆಗೆ ಬಂದರು. "ಅಕ್ಕ, ಒಂದು ಹೇಳ್ಲಾ? ತೋಟದ ಹಿಂದೆ, ಆ ಮೇಲೆ, ಇನ್ನೊಂದು ದಾರಿ ಉಂಟು. ಮೊದಲು ಕತ್ತೆ ಮೇಲೆ ಸಾಮಾನು ಹೇರಿಕೊಂಡು ಅದರಲ್ಲೇ ಹೋಗ್ತಿದ್ರಂತೆ. ನಾನು ಕಳೆದುಹೋದ ಆಡು ಹುಡುಕ್ಲಿಕ್ಕೆ ಹೋಗಿ ನೋಡಿದ್ದು. ಯಾರ ತೋಟವೂ ಅಡ್ಡ ಬರುದಿಲ್ಲ."

ಇಬ್ಬರೂ ಹತ್ತಿದೆವು. ಮುಳ್ಳುಗಿಡ ಸರಿಸಿದರೆ ಅಡಿಯಲ್ಲಿ ಒಪ್ಪವಾಗಿ ಜೋಡಿಸಿದ ಕಲ್ಲುಗಳು, ನೂರಾರು ಗೊರಸುಗಳು ನಯ ಮಾಡಿದ ಕಲ್ಲುಗಳು. ಮೇಲಿನಿಂದ ಕೆಳಗಿನ ತೋಟಗಳೆಲ್ಲ ಹಸಿರು ಪಟ್ಟಿಯಂತೆ ಕಂಡವು. ಅಳೆದುಕೊಂಡೆ. ಯಾರೂ ಕೇಳದ ಆ ಗೆರೆಯನ್ನೂ ನಕ್ಷೆಯಲ್ಲಿ ಹಾಕಿದೆ. ಮ್ಯಾನೇಜರ್ ಅದನ್ನು ಬಹಳ ಹೊತ್ತು ನೋಡಿದರು. "ಬಾಯಿ ಹಾಕಬೇಡಿ ಅಂದಿದ್ದೆ" ಎಂದರು. ಆದರೆ ಗೆರೆ ಅಳಿಸದೆ ಕಳಿಸಿದರು.

ಎರಡು ವಾರದ ಮೇಲೆ ಆಡಳಿತದ ಅಧಿಕಾರಿ ಸ್ವತಃ ಬಂದರು. ಮೂವತ್ತರ ಆಸುಪಾಸಿನ ಎಮಿರಾತಿ ಹೆಣ್ಣುಮಗಳು, ಅಬಾಯಾದ ಕೆಳಗೆ ಗಟ್ಟಿ ಬೂಟು. ಯಜಮಾನರನ್ನು ತಂದೆಯೆಂದೇ ಕರೆಯುತ್ತಾ ಅರಬ್ಬಿಯಲ್ಲಿ ಮಾತಾಡಿದರು. ಬಂಟ್ವಾಳದವರು ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದರು. "ಮೇಲಿನ ದಾರಿ ಕಡಿದು, ವಯಸ್ಸಾದವರಿಗೆ ಆಗುದಿಲ್ಲ ಅಂತಿದ್ದಾರೆ."

ಆ ಮಾತು ಕೇಳಿದ್ದೇ ಯಜಮಾನರು ಕೋಲು ತೆಗೆದುಕೊಂಡರು. "ಯಲ್ಲಾ!" ಎಂದು ಹೊರಟೇಬಿಟ್ಟರು.

ನಾವು ಮೂವರೂ ಅವರ ಹಿಂದೆ. ಅರ್ಧ ದಾರಿಯಲ್ಲಿ ಅಧಿಕಾರಿ ಕಲ್ಲಿನ ಮೇಲೆ ಕೂತು ನೀರು ಕುಡಿದರು. ಯಜಮಾನರು ಮೇಲೆ ನಿಂತು ಕಾದರು, ಮುಖದಲ್ಲಿ ಸಣ್ಣ ನಗು. ಆದರೆ ಕೊನೆಯ ತಿರುವಿನಲ್ಲಿ ಅವರೂ ನಿಲ್ಲಬೇಕಾಯಿತು. ಯಾವುದೋ ವರ್ಷದ ಮಳೆಯ ಪ್ರವಾಹಕ್ಕೆ ಅಲ್ಲಿ ದಾರಿ ಕುಸಿದು ಹೋಗಿತ್ತು. ಮುಂದೆ ಹೋಗಬೇಕಾದರೆ ಅವರದೇ ತೋಟದ ಮೇಲ್ಮೂಲೆಗೆ ಇಳಿದು, ನಾಲ್ಕೈದು ಮರಗಳ ನಡುವೆ ದಾಟಬೇಕು. ಬಂಟ್ವಾಳದವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಮೊದಲ ದಿನ ನಾವಿಬ್ಬರೂ ಆ ಮರಗಳ ನಡುವೆಯೇ ಇಳಿದಿದ್ದೆವು, ತೋಟದೊಳಗೆ ಕಾಲಿಟ್ಟದ್ದು ಗಮನಕ್ಕೇ ಬಾರದೆ.

ಅಧಿಕಾರಿ ಒತ್ತಾಯ ಮಾಡಲಿಲ್ಲ. ಯಜಮಾನರು ಆ ಮರಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು.

"ನಿನ್ನ ನಕ್ಷೆಯಲ್ಲಿ ಇದು ಯಾರ ಜಾಗ ಅಂತ ಬರೆಯುತ್ತೀ?"

"ನಿಮ್ಮದೇ. ಗಡಿ ಇದ್ದ ಹಾಗೇ ಇರುತ್ತದೆ. ಒಳಗೆ ಚುಕ್ಕೆ ಚುಕ್ಕೆಯಾಗಿ ದಾರಿ ಬರೆಯಬಹುದು. ನೀವು ಬಿಟ್ಟುಕೊಟ್ಟದ್ದು ಅಂತ."

"ತೆಗೆದುಕೊಂಡದ್ದು ಅಂತ ಅಲ್ಲ?"

"ಅಲ್ಲ."

ಅವರು ಅಧಿಕಾರಿಯ ಕಡೆ ತಿರುಗಿ ಏನೋ ದೀರ್ಘವಾಗಿ ಹೇಳಿದರು. "ಇಲ್ಲಿ ದಾರಿ ಬಿಡ್ತಾರಂತೆ, ನೀರಿನ ಸರದಿಯ ಬೆಳಿಗ್ಗೆ ಮಾತ್ರ ಗೇಟು ಹಾಕಿರ್ತಾರಂತೆ. ಕೆಳಗಿನ ದಾರಿ ಊರವರಿಗೆ ಮಾತ್ರ ಅಂತೆ. ಅರ್ಬಾಬ್ ಹೂಂ ಅಂದ್ರು, ಅಕ್ಕ, ಹೂಂ ಅಂದ್ರು!" ಎಂದು ಬಂಟ್ವಾಳದವರು ಪಿಸುಗುಟ್ಟಿದರು. ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು. ಕಾಗದ ಸಿದ್ಧವಾಗಲು ಮೂರು ತಿಂಗಳು ಹಿಡಿಯಿತು. ಸಹಿಗೆ ಮೊದಲು ಯಜಮಾನರು ಅದನ್ನು ಮೂರು ಸಲ ಓದಿಸಿ ಕೇಳಿದರಂತೆ. ಆ ಚುಕ್ಕೆಗಳನ್ನು ಬರೆದಷ್ಟು ಖುಷಿಯಿಂದ ನಾನು ಬೇರೆ ಯಾವ ಗೆರೆಯನ್ನೂ ಬರೆದಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಗಂಡನನ್ನೂ ಮಗಳನ್ನೂ ಕರೆದುಕೊಂಡು ಹೋದೆ. ಮಗಳು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಗೊಣಗಿ, ತೋಟ ಕಂಡ ಮೇಲೆ ಸುಮ್ಮನಾದಳು. ಮೇಲ್ಮೂಲೆಯಲ್ಲಿ ಯಜಮಾನರು ಚಾಪೆ ಹಾಸಿ, ಕಾವಾದ ಫ್ಲಾಸ್ಕು ಇಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿದೊಡನೆ ದೂರು ಶುರುಮಾಡಿದರು.

"ಏನು ದಾರಿ ಮಾಡಿದೆ ನೀನು? ನಿನ್ನೆ ಬೆಳಗಿನಿಂದ ಬಂದದ್ದು ಆರೇ ಜನ! ಫಲಕ ದೊಡ್ಡದು ಹಾಕಲು ಹೇಳು."

ಹೊರಡುವಾಗ ಬಂಟ್ವಾಳದವರು ತಾವೇ ಬೆಳೆಸಿದ ಬಸಳೆಯ ದೊಡ್ಡ ಕಟ್ಟೊಂದನ್ನು ಕೈಗಿತ್ತರು. ಮಂಡ್ಯದವಳಿಗೆ ಬಸಳೆಯ ಹದ ಎಲ್ಲಿಂದ ಬರಬೇಕು? ದುಬೈನ ಕರಾಮದಲ್ಲಿರುವ ನಮ್ಮ ಮನೆಗೆ ಮುಟ್ಟಿದ ಮೇಲೆ ಎದುರು ಫ್ಲಾಟಿನ ಉಡುಪಿಯವರ ಬಾಗಿಲು ತಟ್ಟಿದೆ. ಅವರು ಬಂದು, ದಂಟು ಬೇರೆ ಎಲೆ ಬೇರೆ ಮಾಡಿ, ತೆಂಗಿನಕಾಯಿ ತುರಿಯಲು ನನ್ನ ಗಂಡನನ್ನು ಕೂರಿಸಿದರು.